ಎಣ್ಣೆ ಸೀಗೆಕಾಯಿ ಸಂಬಂಧ

ಇಬ್ಬರಿಗೆ ಒಬ್ಬರನ್ನೊಬ್ಬರು ಕಂಡರಾಗದು ಎಂದು ಹೇಳಲು ಕನ್ನಡದಲ್ಲಿ 'ಅವರದು ಎಣ್ಣೆ ಸೀಗೆಕಾಯಿ ಸಂಬಂಧ' ಎನ್ನುತ್ತೇವೆ. ಚಿಕ್ಕಂದಿನಿಂದ ಕೇಳಿದ ಮಾತು. ಆದರೆ ದೀಪಾವಳಿಯ ಬೆಳಗ್ಗೆ ನಮ್ಮ ಬಚ್ಚಲುಮನೆಯಲ್ಲಿ ನಡೆಯುತ್ತಿದ್ದುದನ್ನು ನೆನೆದರೆ ಈ ಮಾತು ಅಷ್ಟು ಸರಿಯಲ್ಲ ಅನ್ನಿಸುತ್ತದೆ. ಅಜ್ಜಿ ಮೊದಲು ನೆತ್ತಿಗೆ, ಮುಖಕ್ಕೆ, ಮೈಗೆ ಎಣ್ಣೆ ತಟ್ಟುತ್ತಿದ್ದಳು. ಒಂದು ಗಂಟೆ ಬಿಟ್ಟು ತಲೆಗೆ ಸೀಗೆಪುಡಿ, ಮುಖ ಮೈಗಳಿಗೆ ಕಡಲೆಹಿಟ್ಟು. ಎಣ್ಣೆ ಇಲ್ಲದಿದ್ದರೆ ಸೀಗೆಕಾಯಿಗೆ ಕೆಲಸವಿಲ್ಲ, ಸೀಗೆಕಾಯಿ ಇಲ್ಲದಿದ್ದರೆ ಎಣ್ಣೆ ಹಚ್ಚಿಕೊಳ್ಳುವ ಧೈರ್ಯವಿಲ್ಲ. ಇದು ಹಗೆತನವಲ್ಲ, ಹೊಂದಾಣಿಕೆ.

ಈಗ ನನ್ನ ಓರಗೆಯವರ ಕೋಣೆಗಳಲ್ಲಿ ಈ ಜೋಡಿಯ ಅರ್ಧ ಮಾತ್ರ ಉಳಿದಿದೆ. ಎಣ್ಣೆ ಹೋಗಿದೆ, ಎಣ್ಣೆ ಹೀರುವ ವಸ್ತುಗಳು ಹೆಚ್ಚಿವೆ. ಮುಲ್ತಾನಿ ಮಿಟ್ಟಿ, ಇದ್ದಿಲಿನ ಲೇಪ, ಜೇಡಿಮಣ್ಣಿನ ಮಾಸ್ಕ್, ಹೊಳಪು ತಗ್ಗಿಸುವ ಪೌಡರು, ಮುಖ ಒತ್ತಿಕೊಳ್ಳುವ ತೆಳು ಕಾಗದ. ಯಾರೂ ಹಚ್ಚದ ಎಣ್ಣೆಯನ್ನು, ಅಂದರೆ ಚರ್ಮ ತಾನಾಗಿ ಒಸರುವ ಎಣ್ಣೆಯನ್ನು, ತೆಗೆಯಲು ಇಷ್ಟೊಂದು ಸಿದ್ಧತೆ. ಮಡಿವಾಳ ವೃತ್ತಿಯ ಚರಿತ್ರೆ ಓದುತ್ತಿದ್ದಾಗ ಈ ಮಣ್ಣುಗಳು ಮತ್ತೆ ಮತ್ತೆ ಎದುರಾದವು. ಅವು ಮುಖಕ್ಕೆ ಬಂದದ್ದು ಹೇಗೆ, ಮುಖದ ಜಿಡ್ಡು ಒಂದು ದೋಷವಾದದ್ದು ಯಾವಾಗ ಎಂಬ ಪ್ರಶ್ನೆಯ ಬೆನ್ನು ಹತ್ತಿದ್ದು ಹಾಗೆ.

ಇಂಗ್ಲಿಷಿನಲ್ಲಿ ಮುಲ್ತಾನಿ ಮಿಟ್ಟಿಯ ಜಾತಿಯ ಮಣ್ಣಿಗೆ 'ಫುಲ್ಲರ್ಸ್ ಅರ್ತ್' ಎಂದು ಹೆಸರು. ಫುಲ್ಲರ್ ಎಂದರೆ ಉಣ್ಣೆ ಬಟ್ಟೆಯನ್ನು ತುಳಿದು, ತೊಳೆದು, ಹದ ಮಾಡುವವನು. ಹೆಸರಿನಲ್ಲೇ ಇದೆ: ಇದು ಮುಖದವರ ಮಣ್ಣಲ್ಲ, ಬಟ್ಟೆಯವರ ಮಣ್ಣು. ಉಣ್ಣೆಗೆ ಕುರಿಯ ಮೈಯ ಜಿಡ್ಡು ಹತ್ತಿರುತ್ತದೆ, ನೂಲುವವರು ಸವರಿದ ಎಣ್ಣೆ ಬೆಣ್ಣೆಯೂ ಇರುತ್ತದೆ. ಅದು ಹೋಗದೆ ಬಣ್ಣ ಹಿಡಿಯದು, ನೇಯ್ಗೆ ಬಿಗಿಯಾಗದು. ಹಾಗಾಗಿ ಒದ್ದೆ ಬಟ್ಟೆಗೆ ಈ ಮಣ್ಣು ಹಾಕಿ ಕಾಲಿನಲ್ಲಿ ತುಳಿಯುತ್ತಿದ್ದರು.

ರೋಮನ್ನರ ಕಾಲದಲ್ಲಿ ಇದು ದೊಡ್ಡ ಉದ್ಯಮ. ಪಾಂಪೆಯ ಅವಶೇಷಗಳಲ್ಲಿ ಇಂಥ ಮಡಿಕಟ್ಟೆಗಳು ಸಿಕ್ಕಿವೆ. ಒಂದರ ಗೋಡೆಯಲ್ಲಿದ್ದ ಚಿತ್ರಗಳಲ್ಲಿ ಕೆಲಸಗಾರರು ತೊಟ್ಟಿಗಳಲ್ಲಿ ನಿಂತು ಬಟ್ಟೆ ತುಳಿಯುವುದನ್ನು ಇಂದಿಗೂ ಕಾಣಬಹುದು. ತೊಟ್ಟಿಯಲ್ಲಿ ನೀರಿನೊಂದಿಗೆ ಹಳಸಿದ ಮೂತ್ರವೂ ಇರುತ್ತಿತ್ತು. ಅದರ ಅಮೋನಿಯಾ ಕ್ಷಾರವಾಗಿ ಜಿಡ್ಡನ್ನು ಸಡಿಲಿಸುತ್ತಿತ್ತು, ಮಣ್ಣು ಅದನ್ನು ಹೀರುತ್ತಿತ್ತು. ಪ್ಲಿನಿ ತನ್ನ ನಿಸರ್ಗ ಚರಿತ್ರೆಯ 35ನೆಯ ಸಂಪುಟದಲ್ಲಿ ಯಾವ ಮಣ್ಣು ಯಾವ ಬಟ್ಟೆಗೆ ಎಂದು ವಿಂಗಡಿಸುತ್ತಾನೆ. ಮೊದಲು ಸಾರ್ಡಿನಿಯದ ಮಣ್ಣು, ಬಳಿಕ ಗಂಧಕದ ಹೊಗೆ, ಕೊನೆಗೆ ಕಿಮೋಲೋಸ್ ದ್ವೀಪದ ಮಣ್ಣು, ಹೀಗೆ ಕ್ರಮ ಹೇಳುತ್ತಾನೆ. ಈ ಕ್ರಮವನ್ನು ನಿಗದಿಪಡಿಸಲು ರೋಮಿನಲ್ಲಿ ಒಂದು ಕಾನೂನೇ ಇತ್ತು ಎಂದೂ ಬರೆಯುತ್ತಾನೆ. ಕ್ರಿ.ಶ. 79ರಲ್ಲಿ ಆ ಮಡಿಕಟ್ಟೆಗಳನ್ನು ಹೂತುಹಾಕಿದ ವೆಸೂವಿಯಸ್ ಸ್ಫೋಟದಲ್ಲೇ ಅವನೂ ಸತ್ತ.

ಇದೇ ಕಿಮೋಲೋಸ್ ಮಣ್ಣು ಗ್ರೀಕರ ಸ್ನಾನಗೃಹಗಳಲ್ಲೂ ಇತ್ತು. ಕ್ರಿ.ಪೂ. 405ರಲ್ಲಿ ಪ್ರದರ್ಶನಗೊಂಡ ಅರಿಸ್ಟೋಫೇನಿಸನ 'ಕಪ್ಪೆಗಳು' ನಾಟಕದಲ್ಲಿ ಸ್ನಾನಗೃಹದವನೊಬ್ಬನನ್ನು ಗೇಲಿ ಮಾಡುವಾಗ ಅದರ ಹೆಸರು ಬರುತ್ತದೆ. ಆದರೆ ಅಲ್ಲಿಯೂ ಮೈಯ ಮೇಲಿದ್ದ ಎಣ್ಣೆಯಲ್ಲಿ ಬಹುಪಾಲು ಹಚ್ಚಿಕೊಂಡದ್ದು. ಗ್ರೀಕರು ವ್ಯಾಯಾಮಶಾಲೆಯಲ್ಲಿ ಆಲಿವ್ ಎಣ್ಣೆ ಬಳಿದುಕೊಂಡು, ಬೆವರು ಧೂಳಿನೊಂದಿಗೆ ಅದನ್ನು ಬಾಗಿದ ಲೋಹದ ಪಟ್ಟಿಯಿಂದ ಕೆರೆದು ತೆಗೆಯುತ್ತಿದ್ದರು. ನಮ್ಮ ಬಚ್ಚಲುಮನೆಯ ಲೆಕ್ಕವೇ ಅದು. ಮೊದಲು ಹಚ್ಚು, ಆಮೇಲೆ ತೆಗೆ.

ಇಂಗ್ಲೆಂಡಿನಲ್ಲಿ ಈ ಮಣ್ಣು ರಾಜಕಾರಣದ ವಿಷಯವಾಯಿತು. ಉಣ್ಣೆ ಬಟ್ಟೆ ಆ ದೇಶದ ಬೆನ್ನೆಲುಬು, ಬೆಡ್‌ಫರ್ಡ್‌ಶೈರಿನ ವೋಬರ್ನ್ ಮತ್ತು ಸರ್ರೆಯ ನಟ್‌ಫೀಲ್ಡ್ ಸುತ್ತಿನ ಮಣ್ಣು ಆ ಬೆನ್ನೆಲುಬಿಗೆ ಆಧಾರ. 1660ರಲ್ಲಿ ಪಾರ್ಲಿಮೆಂಟು ಉಣ್ಣೆಯ ಜೊತೆಗೆ ಈ ಮಣ್ಣಿನ ರಫ್ತನ್ನೂ ನಿಷೇಧಿಸಿತು. 1662ರಲ್ಲಿ ಮತ್ತೊಂದು ಕಾಯ್ದೆ ಬಂತು. ನೆರೆಯ ದೇಶದ ನೇಕಾರನಿಗೆ ಒಂದು ಬುಟ್ಟಿ ಜೇಡಿ ಸಿಗಬಾರದೆಂದು ಕಾನೂನು! ಬಟ್ಟೆ ತುಳಿಯುವ ಕಸುಬು ಅಲ್ಲಿನ ಮನೆತನದ ಹೆಸರುಗಳಲ್ಲಿ ಉಳಿದಿದೆ. ಫುಲ್ಲರ್, ವಾಕರ್, ಟಕರ್ ಮೂರೂ ಒಂದೇ ಕಸುಬಿನವು.

ನಮ್ಮಲ್ಲಿ ಆ ಜಾಗದಲ್ಲಿದ್ದದ್ದು ಚೌಳು ಮಣ್ಣು. ಮಡಿವಾಳರು ಚೌಳು ನೆಲದಿಂದ ಅದನ್ನು ಕೆರೆದು ತಂದು, ಬಟ್ಟೆಗೆ ಹಚ್ಚಿ ಉಬ್ಬೆ ಹಾಕುತ್ತಿದ್ದರು. ಅದರ ಕೆಲಸದ ಬಗೆ ಬೇರೆ. ಚೌಳಿನಲ್ಲಿರುವ ಸೋಡಾ ಬಿಸಿಗೆ ಜಿಡ್ಡಿನೊಂದಿಗೆ ಸೇರಿ ಅದನ್ನೇ ಸಾಬೂನಾಗಿ ಮಾರ್ಪಡಿಸುತ್ತದೆ. ಸೀಗೆಕಾಯಿ ಮತ್ತು ಅಂಟುವಾಳ ಇನ್ನೊಂದು ಬಗೆ. ಅವುಗಳ ಸಪೋನಿನ್ ಎಂಬ ಅಂಶ ನೀರಿನಲ್ಲಿ ನೊರೆಯೆದ್ದು ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ಕೊಂಡೊಯ್ಯುತ್ತದೆ. ಕಡಲೆಹಿಟ್ಟು ಮತ್ತು ಜೇಡಿಮಣ್ಣು ಮೂರನೆಯ ಬಗೆ, ಅವು ಹೀರುತ್ತವೆ. ಈ ಮೂರು ದಾರಿಗಳೂ ಗೊತ್ತಿದ್ದ ಕೈಗಳಿಗೆ ಸಮಾಜ ಯಾವ ಸ್ಥಾನ ಕೊಟ್ಟಿತು ಎಂಬುದು ಬೇರೆ ಮಾತು. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಆ ಕಸುಬಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ಶರಣರ ನಡುವೆ ನಿಂತರು ಎಂಬುದನ್ನು ಇಲ್ಲಿ ಮರೆಯಲಾಗದು. ಜಗತ್ತಿನ ಜಿಡ್ಡು ತೆಗೆದವರ ಕಾಲು ಮೂತ್ರದ ತೊಟ್ಟಿಯಲ್ಲೋ ಕೆರೆಯ ಕೆಸರಿನಲ್ಲೋ ಇತ್ತು. ಅದೇ ಮಣ್ಣು ಇಂದು ಗಾಜಿನ ಡಬ್ಬಿಯಲ್ಲಿ ಸುವಾಸನೆಯೊಂದಿಗೆ ಬರುತ್ತದೆ.

ಜೇಡಿ ಹೀರುವುದು ಹೇಗೆ? ಮುಲ್ತಾನಿ ಮಿಟ್ಟಿಯಲ್ಲಿ ಮುಖ್ಯವಾಗಿರುವುದು ಸ್ಮೆಕ್ಟೈಟ್ ಗುಂಪಿನ ಖನಿಜಗಳು. ಅವುಗಳಲ್ಲಿ ಹೆಸರಾದದ್ದು ಮಾಂಟ್‌ಮೊರಿಲೊನೈಟ್. ಫ್ರಾನ್ಸಿನ ಮಾಂಟ್‌ಮೊರಿಲೊನ್ ಊರಿನಿಂದ 1847ರಲ್ಲಿ ಬಂದ ಹೆಸರು. ಅದರ ರಚನೆ ಹಳೆಯ ಓಲೆಗರಿ ಕಟ್ಟಿನ ಹಾಗೆ. ಒಂದು ನ್ಯಾನೋಮೀಟರು ದಪ್ಪದ ಹಾಳೆಗಳು ಒಂದರ ಮೇಲೊಂದು. ನಡುವೆ ನೀರು ನುಗ್ಗಿದರೆ ಕಟ್ಟು ಉಬ್ಬುತ್ತದೆ. ಹಾಳೆಗಳ ಎರಡೂ ಬದಿಯನ್ನು ಲೆಕ್ಕಕ್ಕೆ ಹಿಡಿದರೆ ಶುದ್ಧ ಖನಿಜದ ಒಂದು ಗ್ರಾಂನಲ್ಲಿ 700 ಚದರ ಮೀಟರಿಗೂ ಹೆಚ್ಚು ಮೇಲ್ಮೈ ಇರುತ್ತದೆ. ಎಣ್ಣೆ ಈ ಮೇಲ್ಮೈಗೂ ಕಣಗಳ ನಡುವಿನ ಸಂದುಗಳಿಗೂ ಅಂಟಿಕೊಳ್ಳುತ್ತದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ನುಂಗಿದವರಿಗೆ ಮೊದಲ ಗಂಟೆಗಳಲ್ಲಿ ಈ ಮಣ್ಣಿನ ನೀರನ್ನೇ ಕುಡಿಸುವುದುಂಟು. ಆ ವಿಷದ ಕಣಗಳು ಹಾಳೆಗಳ ನಡುವೆ ಗಟ್ಟಿಯಾಗಿ ಕೂರುತ್ತವೆ. ಅದು ಎಲ್ಲರನ್ನೂ ಉಳಿಸುವ ಮದ್ದಲ್ಲ. ಆದರೂ ಮೊಡವೆಗೆಂದು ನಾವು ಕಲಸುವ ಮಣ್ಣಿನ ನೆಂಟರು ಆಸ್ಪತ್ರೆಯ ತುರ್ತು ವಾರ್ಡಿನಲ್ಲೂ ಇದ್ದಾರೆ ಎಂದು ತಿಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಮುಲ್ತಾನ್ ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ಹಳೆಯ ವ್ಯಾಪಾರ ಪಟ್ಟಣ. ಮಣ್ಣಿಗೆ ಅದರ ಹೆಸರು ಅಂಟಿತು. ದೇಶ ಎರಡಾದ ಮೇಲೂ ಹೆಸರು ಬದಲಾಗಲಿಲ್ಲ. ಭಾರತದಲ್ಲಿ ಈ ಮಣ್ಣು ಹೆಚ್ಚಾಗಿ ಸಿಗುವುದು ರಾಜಸ್ಥಾನದ ಬಾರ್ಮೇರ್, ಬಿಕಾನೇರ್ ಕಡೆಗಳಲ್ಲಿ. ಹಾಗಾಗಿ ನಮ್ಮ ಊರಿನ ಗ್ರಂಧಿಗೆ ಅಂಗಡಿಯಲ್ಲಿ ಬಾರ್ಮೇರಿನ ಮಣ್ಣೂ ಮುಲ್ತಾನಿಯೇ.

ಇನ್ನು ನಮ್ಮ ಶಾಸ್ತ್ರಗ್ರಂಥಗಳ ಕಡೆಗೆ ಬರೋಣ. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯೆಯಲ್ಲಿ ಅಭ್ಯಂಗದ ಜೊತೆಗೆ ಉದ್ವರ್ತನವೂ ಇದೆ, ಅಂದರೆ ಮೈಗೆ ಒಣಪುಡಿ ತಿಕ್ಕುವುದು. ಅದು ಕಫವನ್ನು ಕಳೆಯುತ್ತದೆ, ಮೇದಸ್ಸನ್ನು ಕರಗಿಸುತ್ತದೆ, ಅಂಗಗಳನ್ನು ಗಟ್ಟಿಗೊಳಿಸುತ್ತದೆ ಎನ್ನುತ್ತಾನೆ. ಸೂತ್ರಸ್ಥಾನದ 22ನೆಯ ಅಧ್ಯಾಯದಲ್ಲಿ ಮುಖಲೇಪದ ವಿಧಿಗಳಿವೆ. ಆರು ಋತುಗಳಿಗೆ ಆರು ಲೇಪ. ದಪ್ಪ ಒಂದು ಅಂಗುಲದ ಕಾಲು, ಮೂರನೆಯ ಒಂದು, ಇಲ್ಲವೇ ಅರ್ಧ ಭಾಗ. ಬಹಳ ಮುಖ್ಯವಾದ ಮಾತು: ಲೇಪ ಒಣಗುವ ತನಕ ಬಿಡಬಾರದು, ಒಣಗಿದರೆ ಅದು ಕಾಂತಿಯನ್ನು ಕೆಡಿಸುತ್ತದೆ, ತೇವ ಮಾಡಿಯೇ ತೆಗೆಯಬೇಕು. ಲೇಪ ಇರುವಾಗ ಹಗಲು ನಿದ್ದೆ, ಹೆಚ್ಚು ಮಾತು, ಬೆಂಕಿ ಬಿಸಿಲು, ಶೋಕ ಕೋಪ ಬೇಡ ಎಂದೂ ಎಚ್ಚರಿಸುತ್ತಾನೆ. ಹದಿನಾರನೆಯ ವಯಸ್ಸಿನಲ್ಲಿ ಮುಖ ಬಿರಿದ ಕೆರೆಯಂಗಳದಂತೆ ಆಗುವ ತನಕ ಮುಲ್ತಾನಿ ಮಿಟ್ಟಿ ಒಣಗಿಸಿಕೊಂಡು, ಬಳಿಕ ಉಗುರಿನಿಂದ ಕೆರೆದು ತೆಗೆದ ನನಗೆ ಇದನ್ನು ಓದಿ ನಾಚಿಕೆಯಾಯಿತು. ಬಿಗಿದಷ್ಟೂ ಕೆಲಸ ಮಾಡುತ್ತಿದೆ ಎಂದು ನಂಬಿದ್ದೆ. ಎರಡು ದಿನ ಕೆನ್ನೆ ಉರಿದಿತ್ತು.

ಈ ಪುಡಿಗಳೆಲ್ಲ ಎಣ್ಣೆಯ ವಿರುದ್ಧ ಹುಟ್ಟಿದವಲ್ಲ, ಎಣ್ಣೆಯ ಬೆನ್ನಿಗೆ ಬಂದವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನವನ್ನು ಒಂದು ಭೋಗವೆಂದೇ ಎಣಿಸಿದ್ದಾನೆ. ಆ ಲೋಕದಲ್ಲಿ ಸ್ನಿಗ್ಧ ಎಂಬುದು ಹೊಗಳಿಕೆಯ ಮಾತು. ಸ್ನೇಹ ಎಂದರೆ ಎಣ್ಣೆಯೂ ಹೌದು, ಒಲವೂ ಹೌದು. ಹೊಳೆಯುವ ಮುಖ ಉಂಡುಟ್ಟು ನೆಮ್ಮದಿಯಾಗಿರುವವರ ಮುಖ. ಇಂದು ಬಳಕೆಯಲ್ಲಿ ಉಳಿದಿರುವುದು 'ಜಿಡ್ಡು'. ಜಡವಾದ ಆಡಳಿತವನ್ನು ಬೈಯಲು 'ಜಿಡ್ಡುಗಟ್ಟಿದ ವ್ಯವಸ್ಥೆ' ಎನ್ನುತ್ತೇವೆ. ಎರಡು ಮಾತುಗಳ ನಡುವೆ ಏನೋ ಬದಲಾಯಿತು.

ಏನು ಬದಲಾಯಿತು ಎಂದು ಹುಡುಕುವಾಗ ನನಗೆ ಮೊದಲು ಸಿಕ್ಕಿದ್ದು ಮುಖವಲ್ಲ, ತಲೆ. ಹದಿನೆಂಟನೆಯ ಶತಮಾನದ ಯುರೋಪಿನ ಸಿರಿವಂತರು ಕೂದಲಿಗೂ ಟೋಪನ್ನಿಗೂ ಕೊಬ್ಬಿನ ಮುಲಾಮು ಹಚ್ಚಿ, ಅದರ ಮೇಲೆ ಪಿಷ್ಟದ ಪುಡಿ ಉದುರಿಸುತ್ತಿದ್ದರು. ಪುಡಿ ಜಿಡ್ಡನ್ನು ಹೀರಿ ಬಿಳಿಯಾಗಿ ನಿಲ್ಲುತ್ತಿತ್ತು. ಪಿಷ್ಟ ಬರುತ್ತಿದ್ದುದು ಗೋಧಿಯಿಂದ. 1795ರಲ್ಲಿ ಬ್ರಿಟನ್ನಿನಲ್ಲಿ ಬೆಳೆ ಕೆಟ್ಟು ರೊಟ್ಟಿಗೆ ಹಾಹಾಕಾರವೆದ್ದಾಗ ತಲೆಯ ಮೇಲಿನ ಹಿಟ್ಟು ಕಣ್ಣಿಗೆ ಚುಚ್ಚತೊಡಗಿತು. ಯುದ್ಧಕ್ಕೆ ಹಣ ಹೊಂದಿಸುತ್ತಿದ್ದ ಪ್ರಧಾನಿ ಪಿಟ್ ಅದೇ ವರ್ಷ ಕೂದಲ ಪುಡಿ ಬಳಸುವವರ ಮೇಲೆ ವರ್ಷಕ್ಕೆ ಒಂದು ಗಿನಿ ತೆರಿಗೆ ಹಾಕಿದ. ಬೆಡ್‌ಫರ್ಡಿನ ಡ್ಯೂಕ್ ಮತ್ತು ಗೆಳೆಯರು ಪ್ರತಿಭಟಿಸಿ ಕೂದಲು ಕತ್ತರಿಸಿಕೊಂಡರು. ಅವನ ಅರಮನೆ ಇದ್ದುದು ವೋಬರ್ನಿನಲ್ಲಿ, ಅಂದರೆ ಆ ಜೇಡಿಮಣ್ಣಿನ ಊರಿನಲ್ಲೇ. ಪುಡಿಯ ಫ್ಯಾಷನ್ ಬೇಗ ಸತ್ತಿತು. ತೆರಿಗೆ ಮಾತ್ರ 1869ರವರೆಗೂ ಬದುಕಿತ್ತು. ಹೀರುವ ಪುಡಿ ಎಂದರೆ ಯಾರದೋ ಊಟವೂ ಆಗಿರಬಹುದು ಎಂಬುದನ್ನು ಆ ಒಂದು ವರ್ಷ ತೋರಿಸಿಕೊಟ್ಟಿತು. ಕಡಲೆಹಿಟ್ಟನ್ನು ಹಬ್ಬಕ್ಕೆ ಮಾತ್ರ, ಅದೂ ಹಿಡಿಯಷ್ಟೇ ತೆಗೆಯುತ್ತಿದ್ದ ಅಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಪಿಷ್ಟದ ಜಾಗಕ್ಕೆ ಬಂದದ್ದು ಕಲ್ಲು. ಟಾಲ್ಕ್ ಖನಿಜ ಕನ್ನಡದವರಿಗೆ ಹೊಸದಲ್ಲ; ಅದು ನಮ್ಮ ಬಳಪ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಟಾಲ್ಕಿನದು ಮೊದಲ ಸ್ಥಾನ, ಅಂದರೆ ಎಲ್ಲಕ್ಕಿಂತ ಮೆದು. ಹೊಯ್ಸಳ ಶಿಲ್ಪಿಗಳು ಬೇಲೂರು ಹಳೇಬೀಡುಗಳಲ್ಲಿ ಕೆತ್ತಿದ, ಜನ ಬಳಪದ ಕಲ್ಲು ಎಂದು ಕರೆಯುವ ಶಿಲೆಯೂ ಇದೇ ಮೆದು ಬಳಗದ್ದು. ಟಾಲ್ಕಿನ ಹಾಳೆಗಳು ನೀರನ್ನು ದೂರವಿಡುತ್ತವೆ, ಎಣ್ಣೆಯನ್ನು ಹತ್ತಿರ ಸೇರಿಸುತ್ತವೆ. ಬೆವರಿನ ಊರಿನಲ್ಲಿ ಅದು ಪಿಷ್ಟದಂತೆ ಮುದ್ದೆಯಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕಂಪನಿಗಳು ಇದನ್ನು ಮಕ್ಕಳ ಪುಡಿಯಾಗಿ ಡಬ್ಬಿಯಲ್ಲಿ ತುಂಬಿದವು. ಇಪ್ಪತ್ತನೆಯ ಶತಮಾನದಲ್ಲಿ 'ಪೌಡರು' ಎಂಬ ಒಂದೇ ಮಾತಾಗಿ ಅದು ನಮ್ಮ ಗೋಡೆಯ ಕನ್ನಡಿಯ ಕೆಳಗಿನ ಹಲಗೆಗೆ ಬಂತು. 1916ರಲ್ಲಿ ಶುರುವಾದ ಮೈಸೂರಿನ ಸರ್ಕಾರಿ ಸಾಬೂನು ಉದ್ಯಮದ ಗಂಧದ ಪರಿಮಳ ಮುಂದೆ ಪೌಡರಿನ ಡಬ್ಬಿಯನ್ನೂ ಸೇರಿತು.

ಈ ಡಬ್ಬಿಯೊಳಗೆ ಎರಡು ಆಸೆಗಳು ಒಟ್ಟಿಗೆ ಇದ್ದವು. ಒಂದು, ಜಿಡ್ಡು ಹೋಗಲಿ ಎಂಬುದು. ಇನ್ನೊಂದು, ಮುಖ ಬೆಳ್ಳಗೆ ಕಾಣಲಿ ಎಂಬುದು. ಹೀರುವ ಪುಡಿಗಳಲ್ಲಿ ಬಹುಪಾಲು ಬಿಳಿಯವು. ಹೆಣ್ಣು ನೋಡಲು ಬರುವ ದಿನ ಪೌಡರು ಬಳಿದದ್ದು ಯಾವ ಆಸೆಗಾಗಿ ಎಂದು ಬಿಡಿಸಿ ಹೇಳುವುದು ಕಷ್ಟ. ಕಪ್ಪು ಮೈಬಣ್ಣದ ನನ್ನ ತಾಯಿ ಹಣೆಯ ಅಂಚಿನಲ್ಲಿ ಪೌಡರು ನಿಂತಿದೆಯೇ ಎಂದು ನೋಡಿಕೊಳ್ಳುತ್ತಿದ್ದುದು ನನಗೆ ನೆನಪಿದೆ. ಜಿಡ್ಡಿನ ಮಾತಿನ ಮರೆಯಲ್ಲಿ ಬಣ್ಣದ ಮಾತು ಎಷ್ಟೋ ಮನೆಗಳಿಗೆ ನುಸುಳಿದೆ.

ಟಾಲ್ಕಿನ ಕಥೆಗೆ ಕಹಿಯಾದ ಮುಂದುವರಿಕೆಯಿದೆ. ಗಣಿಯಲ್ಲಿ ಟಾಲ್ಕ್ ಇರುವೆಡೆ ಕೆಲವೊಮ್ಮೆ ಕಲ್ನಾರೂ ಇರುತ್ತದೆ. ಕಲ್ನಾರು ಕ್ಯಾನ್ಸರಿಗೆ ಕಾರಣ ಎಂಬುದು ಸ್ಥಾಪಿತ ಸತ್ಯ. ಅಮೆರಿಕದಲ್ಲಿ ಸಾವಿರಾರು ಮೊಕದ್ದಮೆಗಳಾದವು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ತನ್ನ ಪುಡಿ ಸುರಕ್ಷಿತ ಎಂದು ವಾದಿಸುತ್ತಲೇ, 2020ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ, 2023ರಲ್ಲಿ ಜಗತ್ತಿನೆಲ್ಲೆಡೆ ಟಾಲ್ಕ್ ಇರುವ ಮಕ್ಕಳ ಪುಡಿಯನ್ನು ನಿಲ್ಲಿಸಿ ಜೋಳದ ಪಿಷ್ಟಕ್ಕೆ ಮರಳಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಟಾಲ್ಕನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿತು. ಕಲ್ಲಿನಿಂದ ಮತ್ತೆ ಹಿಟ್ಟಿಗೆ ಬಂದೆವು.

ಆದರೂ ನನ್ನ ಮೊದಲ ಪ್ರಶ್ನೆ ಉಳಿದಿತ್ತು. ಹೊಳಪು ದೋಷವಾದದ್ದು ಯಾವಾಗ? ಉತ್ತರದ ಒಂದು ತುಣುಕು ಜಪಾನಿನಲ್ಲಿದೆ. ಕನಜಾವಾ ಊರಿನ ಚಿನ್ನದ ತಗಡಿನ ಕುಶಲಕರ್ಮಿಗಳು ಚಿನ್ನವನ್ನು ವಿಶೇಷ ಕಾಗದದ ಹಾಳೆಗಳ ನಡುವೆ ಇಟ್ಟು ಬಡಿಯುತ್ತಾರೆ. ಬಡಿದು ಬಡಿದು ಸವೆದ ಆ ಕಾಗದ ಎಣ್ಣೆಯನ್ನು ತಟ್ಟನೆ ಹೀರುತ್ತದೆ. ಕ್ಯೋಟೋದ ಗೇಷಾಗಳು, ಕಬುಕಿ ನಟರು ಬಣ್ಣ ಕೆಡದಂತೆ ಮುಖ ಒತ್ತಿಕೊಳ್ಳಲು ಅದನ್ನು ಬಳಸಿದರು. ಇಂದಿನ ಎಣ್ಣೆ ಹೀರುವ ಕಾಗದಕ್ಕೆ ಅದು ಮೂಲ. ನಮ್ಮ ಯಕ್ಷಗಾನದ ಚೌಕಿಯಲ್ಲೂ ಎಣ್ಣೆಯಲ್ಲಿ ಕಲಸಿದ ಬಣ್ಣದ ಮೇಲೆ ಪುಡಿ ಒತ್ತುವುದುಂಟು. ಎರಡೂ ಕಡೆ ಕಾರಣ ಒಂದೇ: ದೀಪ. ದೀಪದ ಎದುರು ನಿಲ್ಲುವವರಿಗೆ ಮಾತ್ರ ಮುಖದ ಎಣ್ಣೆ ಸಮಸ್ಯೆಯಾಗಿತ್ತು.

ಉಳಿದ ತುಣುಕು ಕ್ಯಾಮೆರಾದಲ್ಲಿದೆ. ಎಣ್ಣೆಯ ಪದರ ಬೆಳಕನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಹಿಂತಿರುಗಿಸುತ್ತದೆ. ಚಿತ್ರದಲ್ಲಿ ಹಣೆ, ಮೂಗಿನ ಮೇಲೆ ಬಿಳಿ ಕಲೆ ಬೀಳುತ್ತದೆ. ಪುಡಿಯ ಕಣಗಳು ಬೆಳಕನ್ನು ಚದುರಿಸುತ್ತವೆ. ಹಾಲಿವುಡ್ ಬಣ್ಣಕ್ಕೆ ತಿರುಗಿದಾಗ ಹಳೆಯ ಜಿಡ್ಡುಬಣ್ಣ ತೆರೆಯ ಮೇಲೆ ಮಿನುಗಿ ಕೆಡುತ್ತಿತ್ತು. 1930ರ ದಶಕದಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಒದ್ದೆ ಸ್ಪಂಜಿನಿಂದ ಹಚ್ಚುವ, ಪುಡಿಯೇ ಮುಖ್ಯವಾದ 'ಪ್ಯಾನ್‌ಕೇಕ್' ಮೇಕಪ್ಪನ್ನು ಇದಕ್ಕೆಂದೇ ತಯಾರಿಸಿತು. ತೆರೆಯ ಮೇಲಿನ ಹೊಳಪಿಲ್ಲದ ಮುಖ ಬೀದಿಯ ಮುಖಕ್ಕೂ ಮಾದರಿಯಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಫೋಟೊ ತೆಗೆಸಲು ಹೋದಾಗ ಸ್ಟುಡಿಯೋದವನು 'ಮುಖ ಹೊಳೀತಿದೆ, ಪೌಡರ್ ಹಚ್ಕೊಂಡು ಬಾ' ಎಂದು ಪರದೆಯ ಹಿಂದಿನ ಕನ್ನಡಿಗೆ ಕಳಿಸಿದ್ದ. ನನ್ನ ಮುಖದಲ್ಲಿ ಜಿಡ್ಡಿದೆ ಎಂದು ನನಗೆ ಮೊದಲು ತಿಳಿದದ್ದು ಅಂದು. ಅಲ್ಲಿಯವರೆಗೆ ಅದು ಕೇವಲ ಮುಖವಾಗಿತ್ತು.

ದೇಹದ ಕಡೆಯಿಂದ ನೋಡಿದರೆ ಇದು ಸರಳ. ಅಂಗೈ ಅಂಗಾಲು ಬಿಟ್ಟು ಮೈಯೆಲ್ಲ ಹರಡಿರುವ ಮೇದೋಗ್ರಂಥಿಗಳು ಹಣೆ, ಮೂಗಿನ ಬಳಿ ದಟ್ಟವಾಗಿವೆ. ಹರೆಯದಲ್ಲಿ ಆಂಡ್ರೋಜೆನ್ ಹಾರ್ಮೋನುಗಳ ಸೂಚನೆಯಂತೆ ಅವು ಚುರುಕಾಗುತ್ತವೆ. ಮಣ್ಣು, ಹಿಟ್ಟು, ಕಾಗದ ತೆಗೆಯುವುದು ಹೊರಗೆ ಬಂದ ಎಣ್ಣೆಯನ್ನು. ಒಳಗಿನ ತಯಾರಿಕೆಗೆ ಅವುಗಳ ಸುದ್ದಿಯೂ ಮುಟ್ಟುವುದಿಲ್ಲ. ಕೆಲವು ಗಂಟೆಗಳಲ್ಲಿ ಹೊಳಪು ಮರಳುತ್ತದೆ, ನಾವು ಮತ್ತೆ ಡಬ್ಬಿ ತೆರೆಯುತ್ತೇವೆ. ಕುರಿಯ ಉಣ್ಣೆಯ ಜಿಡ್ಡೂ ಇಂಥದೇ ಗ್ರಂಥಿಯದು. ಎರಡು ಸಾವಿರ ವರ್ಷ ಆ ಮಣ್ಣು ತೆಗೆದದ್ದು ಕುರಿಯ ಮೇದಸ್ಸನ್ನು. 1882ರಲ್ಲಿ ಜರ್ಮನಿಯಲ್ಲಿ ಅದನ್ನೇ ಶುದ್ಧಗೊಳಿಸಿ 'ಲ್ಯಾನೊಲಿನ್' ಎಂದು ಹೆಸರಿಟ್ಟು ಒಣಚರ್ಮಕ್ಕೆ ಮುಲಾಮಾಗಿ ಮಾರತೊಡಗಿದರು. ಈಗ ಒಂದೇ ಅಂಗಡಿಯಲ್ಲಿ ನಮ್ಮ ಜಿಡ್ಡು ತೆಗೆಯಲು ಮಣ್ಣನ್ನೂ, ಒಣಗಿದ ಮುಖಕ್ಕೆ ಹಚ್ಚಲು ಕುರಿಯ ಜಿಡ್ಡನ್ನೂ ಕೊಳ್ಳಬಹುದು.

ಹಾಗೆಂದು ನಾನು ಯಾರಿಗೂ ಮುಲ್ತಾನಿ ಮಿಟ್ಟಿ ಬಿಡಿ ಎನ್ನುತ್ತಿಲ್ಲ. ನಾನೂ ಬಿಟ್ಟಿಲ್ಲ. ಈಗ ಒಣಗುವ ಮೊದಲೇ ತೊಳೆಯುತ್ತೇನೆ, ಅಷ್ಟೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಡಲೆಹಿಟ್ಟು ಹಾಕಿ ಮುಖ ತಿಕ್ಕಿಕೊಳ್ಳುತ್ತಿದ್ದೆ. ಮೂರನೆಯ ಸಲ ಹಿಟ್ಟಿನ ಬಟ್ಟಲಿಗೆ ಕೈ ಹಾಕಿದಾಗ ಅಜ್ಜಿ ಬಾಗಿಲ ಹೊರಗಿನಿಂದಲೇ ಬಟ್ಟಲು ಎಳೆದುಕೊಂಡಳು. 'ಅಷ್ಟೂ ತೆಗೀಬೇಡ, ಸ್ವಲ್ಪ ಇರ್ಲಿ' ಎಂದಳು. ಎಷ್ಟು ಇರಬೇಕು ಎಂದು ಕೇಳಿದೆ. ಒಂದು ತಂಬಿಗೆ ನೀರನ್ನು ನನ್ನ ತೋಳಿನ ಮೇಲೆ ಸುರಿದು, ಚರ್ಮದ ಮೇಲೆ ಮುತ್ತಾಗಿ ನಿಂತ ಹನಿಗಳನ್ನು ತೋರಿಸಿ, 'ಇಷ್ಟು' ಎಂದಳು.